ಸುಧೀರ ಪಟವರ್ಧನರ ಚಿತ್ರಗಳಲ್ಲಿ ಸಾದೃಶ್ಯವಿಚಾರ

ವಾತ್ಸ್ಯಾಯನನ ಕಾಮಸೂತ್ರಕ್ಕೆ ಜಯಮಂಗಲೆಯೆಂಬ ವ್ಯಾಖ್ಯಾನವನ್ನು ಬರೆದ ಯಶೋಧರನು ಚಿತ್ರಕ್ಕೆ ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗಗಳೆಂದು ಆರು ಅಂಗಗಳನ್ನು ಹೇಳಿರುವನೆಂಬುದು ವಿದ್ವಾಂಸರಿಗೆ ಸುವಿದಿತವಾಗಿದೆ. ಇವುಗಳಲ್ಲಿ ಸಾದೃಶ್ಯವೆಂಬುದು ಮೇಲುನೋಟಕ್ಕೆ ಸುಲಭವಾಗಿ ತೋರುವುದು. ವಿಚಾರಿಸಿದರೆ ಬಹು ಕಠಿನವಾದುದು. ಚಿತ್ರವು ಯಾವುದಕ್ಕೆ ಸದೃಶವಾಗಿರಬೇಕು? ಕಣ್ಣಿಗೆ ಕಂಡ ಆಕಾರಕ್ಕೋ, ಚಿತ್ರಕಾರನ ಮನಸ್ಸಿನಲ್ಲಿ ಮೂಡಿದ ರೂಪಕ್ಕೋ, ಅಥವಾ ಚಿತ್ರಿತನಾದ ಮನುಷ್ಯನು ತನ್ನನ್ನು ತಾನು ಅರಿತ ಬಗೆಗೋ? ಈ ಮೂರನೆಯ ಪಕ್ಷವನ್ನು ಗಂಭೀರವಾಗಿ ಕೈಗೊಂಡ ಈ ಕಾಲದ ಚಿತ್ರಕಾರರಲ್ಲಿ ಠಾಣೆಯ ಸುಧೀರ ಪಟವರ್ಧನರು ಮುಖ್ಯರು.

ಪಟವರ್ಧನರು 1949ರಲ್ಲಿ ಪುಣೆಯಲ್ಲಿ ಜನಿಸಿದರು. ಅಲ್ಲಿಯ ಸೈನ್ಯದ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ವ್ಯಾಸಂಗಮಾಡಿ 1972ರಲ್ಲಿ ಪದವಿಯನ್ನು ಪಡೆದರು. ಮರುವರ್ಷ ಮುಂಬಯಿಗೆ ಬಂದರು. 1975ರಿಂದ 2005ರವರೆಗೆ ಠಾಣೆಯಲ್ಲಿ ಕ್ಷ-ಕಿರಣಶಾಸ್ತ್ರದ ವೈದ್ಯರಾಗಿದ್ದು, ಆಮೇಲೆ ಚಿತ್ರರಚನೆಯೊಂದಕ್ಕೇ ಕಾಲವನ್ನು ಮೀಸಲಿಟ್ಟರು. ಚಿತ್ರಕಲೆಯನ್ನು ಅವರು ಯಾವ ಕಲಾಶಾಲೆಯಲ್ಲಿಯೂ ಕಲಿತವರಲ್ಲ. ಫ್ರೆಂಚ್ ಚಿತ್ರಕಾರನಾದ ಸೆಜಾನನ ಕೃತಿಗಳ ಅಭ್ಯಾಸವೂ, ತಾರುಣ್ಯದಲ್ಲಿ ಒಲಿದ ಮಾರ್ಕ್ಸನ ಸಿದ್ಧಾಂತವೂ, ತಮ್ಮಂತೆಯೇ ವೈದ್ಯರೂ ಚಿತ್ರಕಾರರೂ ಆಗಿದ್ದ ಕವಿ ಗೀವ್ ಪಟೇಲರ ಸ್ನೇಹವೂ ಅವರಿಗೆ ಗುರುಸ್ಥಾನದಲ್ಲಿ ನಿಂತುವು.

ಈ ಪ್ರಭಾವಗಳಲ್ಲಿ ವೃತ್ತಿಯದು ಯಾವ ಬಗೆಯದೆಂಬುದನ್ನು ನೋಡಬೇಕು. ಕ್ಷ-ಕಿರಣದ ಪಟದಲ್ಲಿ ಅಸ್ಥಿಪಂಜರವು ಕಾಣುವುದಲ್ಲದೆ ಮುಖವು ಕಾಣದು. ಧನಿಕನೆಂದಾಗಲಿ ಕೂಲಿಕಾರನೆಂದಾಗಲಿ ಅಲ್ಲಿ ಭೇದವಿಲ್ಲ. ಮೂವತ್ತು ವರ್ಷ ಇಂತಹ ಪಟಗಳನ್ನು ಪರೀಕ್ಷಿಸಿದ ಕಣ್ಣು, ಚಿತ್ರಫಲಕದ ಮುಂದೆ ನಿಂತಾಗ ವಿಲೋಮಕ್ರಮದಲ್ಲಿ ನಡೆಯುವುದು. ದೇಹದ ಭಾರವನ್ನೂ ಕೀಲುಗಳ ಬಳಲಿಕೆಯನ್ನೂ ಒಳಗಿನಿಂದ ಬಲ್ಲ ಚಿತ್ರಕಾರನು, ಪಟದಲ್ಲಿ ಲುಪ್ತವಾದ ಮುಖವನ್ನೂ ಉಡುಪನ್ನೂ ನಿಂತ ನೆಲವನ್ನೂ ಆ ದೇಹಕ್ಕೆ ಮರಳಿ ಕೊಡುತ್ತಾನೆ. ‘ಇರಾನಿ ರೆಸ್ಟೊರೆಂಟ್’ (1977), ‘ಟ್ರೇನ್’ (1980) ಮೊದಲಾದ ಚಿತ್ರಗಳ ಮನುಷ್ಯರಲ್ಲಿ ಕಾಣುವ ಘನತೆಯು ಸೆಜಾನನಿಂದ ಬಂದುದೆಂದು ಹೇಳಿದರೆ ಅರ್ಧವನ್ನು ಹೇಳಿದಂತಾಯಿತು. ಉಳಿದರ್ಧವು ಆಸ್ಪತ್ರೆಯಿಂದ ಬಂದುದು.

ಇನ್ನು ಸಿದ್ಧಾಂತದ ಪ್ರಭಾವ. ತಮ್ಮ ಚಿತ್ರಗಳಿಗೆ ಮೂಲರಾದ ಜನರು ಆ ಆಕೃತಿಗಳನ್ನು ತಮ್ಮ ಸ್ವಂತ ಬಿಂಬವೆಂದು ಗ್ರಹಿಸುವಂತಾಗಬೇಕೆಂಬುದು ಪಟವರ್ಧನರ ಆಶಯವಾಗಿದ್ದಿತು. ಆಲಂಕಾರಿಕರ ದೃಷ್ಟಿಯಿಂದ ಇದು ಅಪೂರ್ವವಾದ ಮಾತು. ನಮ್ಮ ಶಾಸ್ತ್ರದಲ್ಲಿ ರಾಮನು ಆಲಂಬನ, ಪ್ರೇಕ್ಷಕನು ಸಹೃದಯ. ರಾಮನು ಬಂದು ನಾಟಕವನ್ನು ನೋಡಿ ಒಪ್ಪಬೇಕೆಂದು ಯಾರೂ ವಿಧಿಸಲಿಲ್ಲ. ಇಲ್ಲಿಯಾದರೋ ಆಲಂಬನವೇ ಸಹೃದಯನಾಗಬೇಕಾಗಿದೆ. ಭಟ್ಟನಾಯಕನು ಹೇಳಿದ ಸಾಧಾರಣೀಕರಣದಲ್ಲಿ ವ್ಯಕ್ತಿವಿಶೇಷವು ಕರಗುವುದು. ಇಲ್ಲಿ ವಿಶೇಷವು ಕರಗಿದರೆ ಕೂಲಿಕಾರನು ಕೇವಲ ವರ್ಗದ ಸಂಕೇತವಾಗುವನು, ತನ್ನನ್ನು ತಾನು ಅಲ್ಲಿ ಕಾಣಲಾರನು.

ಆದರೆ ಆ ಜನರು ಚಿತ್ರಶಾಲೆಗೆ ಬರುವರೇ ಎಂಬ ಆಕ್ಷೇಪವು ಏಳದಿರದು. ಈ ಆಕ್ಷೇಪವು ಬಲವಾದುದೇ. 1981ರಲ್ಲಿ ಭೂಪೇನ್ ಖಖ್ಖರ್, ಗುಲಾಮ್ ಮೊಹಮ್ಮದ್ ಶೇಖ್ ಮೊದಲಾದವರೊಡನೆ ಪಟವರ್ಧನರು ಭಾಗವಹಿಸಿದ ‘ಪ್ಲೇಸ್ ಫಾರ್ ಪೀಪಲ್’ ಪ್ರದರ್ಶನವು ಜನರಿಗೆ ಚಿತ್ರದೊಳಗೆ ಸ್ಥಳವನ್ನು ಕೊಟ್ಟಿತು. ಚಿತ್ರದ ಮುಂದೆ ಕೊಡುವುದು ಬೇರೆಯ ಕಾರ್ಯ. ಅದನ್ನು ಮನಗಂಡೇ ಅವರು 2008-09ರಲ್ಲಿ ಸಮಕಾಲೀನ ಭಾರತೀಯ ಚಿತ್ರಗಳ ಸಂಚಾರಿ ಪ್ರದರ್ಶನವೊಂದನ್ನು ಮಹಾರಾಷ್ಟ್ರದ ಊರುಗಳಿಗೆ ಕೊಂಡೊಯ್ದರೆಂದು ತಿಳಿಯಬಹುದು.

ಕಾಲವೂ ಈ ಆಶಯವನ್ನು ಪರೀಕ್ಷಿಸಿತು. 1982ರ ಜನವರಿಯಲ್ಲಿ ಮುಂಬಯಿಯ ಬಟ್ಟೆಗಿರಣಿಗಳ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಮುಷ್ಕರ ಹೂಡಿದರು. ಅದು ಸೋತು, ಕ್ರಮೇಣ ಗಿರಣಿಗಳು ಮುಚ್ಚಿ, ಆ ನೆಲದಲ್ಲಿ ಗಗನಚುಂಬಿ ಸೌಧಗಳೆದ್ದುವು. ಗಿರಣಿಗಳ ಕೇರಿಯಾಗಿದ್ದ ಲೋವರ್ ಪರೇಲನ್ನು ಪಟವರ್ಧನರು 2001ರಲ್ಲಿ ಅದೇ ಹೆಸರಿನ ಚಿತ್ರದಲ್ಲಿ ವಿಶಾಲದೃಶ್ಯವಾಗಿ ಬರೆದರು. ಮೊದಲಿನ ಚಿತ್ರಗಳಲ್ಲಿ ಫಲಕವನ್ನು ತುಂಬಿ ನಿಂತಿದ್ದ ಮನುಷ್ಯನು ಇಂತಹ ನಗರದೃಶ್ಯಗಳಲ್ಲಿ ಕಿರಿದಾದನು. ಇದನ್ನು ಕೌಶಲದ ಹ್ರಾಸವೆಂದು ಎಣಿಸಬಾರದು. ಮನುಷ್ಯನಿಗೆ ಊರು ಕೊಟ್ಟ ಪ್ರಮಾಣವು ಬದಲಾಯಿತು. ಚಿತ್ರದ ಪ್ರಮಾಣವೂ ಅದನ್ನನುಸರಿಸಿತು.

ಆದುದರಿಂದ ಪಟವರ್ಧನರ ಸಾದೃಶ್ಯವು ಕೇವಲ ಪ್ರತಿಬಿಂಬವಲ್ಲ. ಚಿತ್ರಿತನಾದವನಿಗೆ ಚಿತ್ರಕಾರನು ಸಲ್ಲಿಸಬೇಕಾದ ಋಣ. ಆ ಋಣವು ಪೂರ್ಣವಾಗಿ ಸಂದಿಲ್ಲ. ಸಂದಿತೆಂದು ತಿಳಿಯದೆ ಐವತ್ತು ವರ್ಷ ಅದನ್ನೇ ತೀರಿಸುತ್ತ ಬಂದುದರಲ್ಲಿಯೇ ಈ ಚಿತ್ರಗಳ ಭಾವವು ನೆಲೆಗೊಂಡಿದೆ.