ಮನೆ ವಾರ್ಡಿನಲ್ಲಿ, ಓಟು ಊರಿನಲ್ಲಿ

ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ನೆಲೆಸಿರುವ ಬ್ಯಾರಿ ಮನೆಗಳಲ್ಲಿ ‘ನಿಮ್ಮ ಊರು ಯಾವುದು?’ ಎಂದು ಕೇಳಿದರೆ ಹೆಚ್ಚಿನವರ ಬಾಯಿಂದ ಬರುವುದು ಘಟ್ಟದ ಕೆಳಗಿನ ಹೆಸರೇ. ಬಂಟ್ವಾಳ, ಬೆಳ್ತಂಗಡಿ, ಉಳ್ಳಾಲ, ಮೂಡುಬಿದಿರೆ. ಇಲ್ಲಿ ಅಂಗಡಿ ಇಟ್ಟು ಎಷ್ಟೋ ವರ್ಷ ಕಳೆದಿದ್ದರೂ ಮಾತು ಬದಲಾಗುವುದಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ತರವಾಡು ಅಲ್ಲಿದೆ, ಹಿರಿಯರ ಖಬರ್ ಅಲ್ಲಿದೆ. ಆದರೆ ನಳದ ನೀರು, ಚರಂಡಿ, ಬೀದಿದೀಪ, ಮನೆಯ ಖಾತೆ, ಅಂಗಡಿಯ ಪರವಾನಗಿ ಎಲ್ಲ ಇಲ್ಲಿಯದು. ಇದನ್ನು ಕೇಳಬೇಕಾದದ್ದು ಇಲ್ಲಿನ ವಾರ್ಡಿನ ಸದಸ್ಯರನ್ನು, ಅಂದರೆ ನಾವೆಲ್ಲ ಕರೆಯುವ ‘ಮೆಂಬರ’ನ್ನು.

‘ಮೆಂಬರಿಗೆ ಹೇಳಿ ಹೇಳಿ ಸಾಕಾಯ್ತು’ ಎನ್ನುವ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಕೆಲವೊಮ್ಮೆ ಅದು ನಿಜ. ಕೆಲವೊಮ್ಮೆ ನಾವು ಹೇಳಿದ ಕೆಲಸ ಮೆಂಬರ ಕೈಯಲ್ಲೇ ಇರುವುದಿಲ್ಲ. ಇನ್ನು ಕೆಲವೊಮ್ಮೆ ಕೇಳುವವರ ಹೆಸರೇ ಆ ವಾರ್ಡಿನ ಮತದಾರರ ಪಟ್ಟಿಯಲ್ಲಿ ಇರುವುದಿಲ್ಲ. ಈ ವಾರ ಇದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಯಾವ ಊರಿಗೆ ಯಾವ ಆಡಳಿತ

ಕಡೂರು ಮತ್ತು ತರೀಕೆರೆ ಎರಡೂ ಪುರಸಭೆಗಳು. 2011ರ ಜನಗಣತಿಯಲ್ಲೇ ಎರಡರ ಜನಸಂಖ್ಯೆಯೂ 30 ಸಾವಿರ ದಾಟಿತ್ತು. ಅಜ್ಜಂಪುರದ ಕಥೆ ಬೇರೆ. ತರೀಕೆರೆ ತಾಲೂಕಿನಲ್ಲಿದ್ದ ಅದು 2018ರಲ್ಲಿ ಪ್ರತ್ಯೇಕ ತಾಲೂಕಾಯಿತು. ಆನಂತರ ಗ್ರಾಮ ಪಂಚಾಯತ್ ಹೋಗಿ ಪಟ್ಟಣ ಪಂಚಾಯತ್ ಬಂತು. ಮೂರಕ್ಕೂ ಅನ್ವಯಿಸುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಸದಸ್ಯರ ಅವಧಿ ಐದು ವರ್ಷ, ಅಧ್ಯಕ್ಷ-ಉಪಾಧ್ಯಕ್ಷರದ್ದು 30 ತಿಂಗಳು. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು.

ಮೇಲಿನ ಮಟ್ಟದಲ್ಲೂ ಒಂದು ವ್ಯತ್ಯಾಸ ಇದೆ. ಜಿಲ್ಲೆ ಒಂದೇ ಆದರೂ ಕಡೂರು ವಿಧಾನಸಭಾ ಕ್ಷೇತ್ರ ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಅಜ್ಜಂಪುರವನ್ನೂ ಒಳಗೊಂಡ ತರೀಕೆರೆ ಕ್ಷೇತ್ರ ಉಡುಪಿ-ಚಿಕ್ಕಮಗಳೂರಿಗೆ ಸೇರಿದೆ. ರೈಲು ನಿಲುಗಡೆಯ ಮನವಿ ಹಿಡಿದು ಹೊರಡುವವರಿಗೆ ಇದು ಗೊತ್ತಿರಬೇಕು. ಕಡೂರಿನವರ ಸಂಸದರೇ ಬೇರೆ, ತರೀಕೆರೆಯವರ ಸಂಸದರೇ ಬೇರೆ.

ಪಟ್ಟಣ ಪಂಚಾಯತ್ ಬಂದ ಮೇಲೆ ಅಜ್ಜಂಪುರದ ಮನೆಗಳಿಗೆ ಲಾಭ-ನಷ್ಟ ಎರಡೂ ಇವೆ. ಉದ್ಯೋಗ ಖಾತರಿ ಕೆಲಸ ಪಟ್ಟಣಕ್ಕೆ ಅನ್ವಯಿಸುವುದಿಲ್ಲ. ಗ್ರಾಮ ಪಂಚಾಯತ್ ಕೊಡುತ್ತಿದ್ದ ನಮೂನೆ 9 ಮತ್ತು 11ರ ಕಾಲವೂ ಮುಗಿಯಿತು. ಹಳೆಯ ಕಾಗದ ಪೆಟ್ಟಿಗೆಯಲ್ಲಿ ಇದೆಯಲ್ಲ ಎಂದು ಸುಮ್ಮನೆ ಕೂತರೆ ಮಾರುವಾಗ, ಸಾಲ ತೆಗೆಯುವಾಗ ತೊಂದರೆಯಾದೀತು.

ಯಾವುದು ಮೆಂಬರ ಕೆಲಸ, ಯಾವುದು ಅಲ್ಲ

ಓಣಿಯ ಚರಂಡಿ, ಕಸ, ಬೀದಿದೀಪ, ನಳದ ನೀರು, ಒಳರಸ್ತೆ ಇವು ಪುರಸಭೆಯ ಕೆಲಸ. ಇದಕ್ಕೆ ಮೆಂಬರನ್ನು ಹಿಡಿಯಬೇಕು. ಮನೆಯ ಕರೆಂಟು ಹೋದರೆ ಮೆಸ್ಕಾಂ. 1912ಕ್ಕೆ ಫೋನ್ ಮಾಡಬಹುದು. ರೇಷನ್ ಕಾರ್ಡ್ ಆಹಾರ ಇಲಾಖೆಯದ್ದು. ಕಡೂರು, ತರೀಕೆರೆ ಮೂಲಕ ಶಿವಮೊಗ್ಗಕ್ಕೆ ಹೋಗುವ ಬೆಂಗಳೂರು-ಹೊನ್ನಾವರ ರಸ್ತೆ, ಹಳೆಯ 206, ಈಗಿನ 69, ರಾಷ್ಟ್ರೀಯ ಹೆದ್ದಾರಿ. ಅದರ ಬದಿಯ ಮೋರಿ ಕಟ್ಟಿಕೊಂಡರೆ ಪುರಸಭೆಯೊಂದೇ ಏನೂ ಮಾಡಲಾಗದು. ಹಾಗೆಂದು ಮೆಂಬರ್ ಕೈ ಚೆಲ್ಲುವಂತೆಯೂ ಇಲ್ಲ. ಸಭೆಯಲ್ಲಿ ವಿಷಯ ಎತ್ತಿ, ಸಂಬಂಧಪಟ್ಟ ಇಲಾಖೆಗೆ ಪತ್ರ ಬರೆಸುವುದು ಅವರಿಂದ ಆಗುವ ಕೆಲಸ.

ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಬರೆದು ಕೊಡಿ, ಒಂದು ಪ್ರತಿಯ ಮೇಲೆ ಪುರಸಭೆಯ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಏನಾಯಿತು ಎಂದು ತಿಳಿಯಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಸಭೆಯ ನಡಾವಳಿ, ವಾರ್ಡಿಗೆ ಬಂದ ಅನುದಾನ, ಕಾಮಗಾರಿಯ ಬಿಲ್ಲು ಎಲ್ಲವನ್ನೂ ಕೇಳಬಹುದು.

ಇನ್ನೊಂದು ಮಾತು. ಮಹಿಳಾ ಮೀಸಲು ವಾರ್ಡಿನಲ್ಲಿ ಗೆದ್ದವರು ಹೆಂಡತಿ, ಫೋನ್ ಎತ್ತುವವರು ಗಂಡ ಎನ್ನುವುದು ಎಲ್ಲ ಊರಿನಲ್ಲೂ ಕಂಡುಬರುವ ಸಂಗತಿ. ನೀರು ಬಾರದ ದಿನ ಕೊಡ ಹಿಡಿದು ನಿಲ್ಲುವವರು ನಮ್ಮ ಮನೆಯ ಹೆಂಗಸರೇ. ಅವರೇ ಹೋಗಿ ಸದಸ್ಯೆಯೊಡನೆ ನೇರವಾಗಿ ಮಾತನಾಡಿದರೆ ಕೆಲಸವೂ ಬೇಗ ಆದೀತು, ಆ ಸದಸ್ಯೆಗೂ ಬಲ ಬಂದೀತು.

ಖಾತೆಯ ಚಿಂತೆ

ಈಗ ಹೆಚ್ಚು ಓಡಾಟ ಇರುವುದು ಇ-ಖಾತೆಗೆ. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ಸ್ವತ್ತಿನ ನೋಂದಣಿ ಆಗದು ಎಂಬ ನಿಯಮ ಬಂತು. ಅನಧಿಕೃತ ಬಡಾವಣೆಯಲ್ಲಿ ಸೈಟು ಕೊಂಡವರಿಗಾಗಿ 2025ರ ಫೆಬ್ರವರಿಯಲ್ಲಿ ಸರಕಾರ ಬಿ-ಖಾತಾ ಅಭಿಯಾನ ಆರಂಭಿಸಿತು. ಪುರಸಭೆಯಲ್ಲಿ ಕೇಳುವ ಕಾಗದಗಳು ಸಾಮಾನ್ಯವಾಗಿ ಇವು: ನೋಂದಾಯಿತ ಕ್ರಯಪತ್ರ, ಇಸಿ, ಚಾಲ್ತಿ ವರ್ಷದ ತೆರಿಗೆ ರಶೀದಿ, ಮಾಲಕರ ಫೋಟೊ, ಸ್ವತ್ತಿನ ಫೋಟೊ, ಗುರುತಿನ ಚೀಟಿ.

ನಮ್ಮಲ್ಲಿ ಎಷ್ಟೋ ಮನೆಗಳು ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇವೆ. ‘ಅಣ್ಣತಮ್ಮಂದಿರು ಒಟ್ಟಿಗೇ ಇದ್ದೇವಲ್ಲ, ಈಗ ಯಾಕೆ’ ಎಂದು ಮುಂದೂಡುತ್ತೇವೆ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಇಲ್ಲದೆ ಖಾತೆ ಬದಲಾಗದು. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೂ ಇರಬೇಕು. ಅವರ ಪಾಲು ನಮ್ಮ ದೀನಿನಲ್ಲೇ ಹೇಳಿದ್ದು, ಅದನ್ನು ಬಿಟ್ಟು ಬರೆಸುವುದು ಕಾನೂನಿಗೂ ಸಲ್ಲದು. ಖಾತೆ ಎನ್ನುವುದು ತೆರಿಗೆಯ ದಾಖಲೆ, ಅದೊಂದೇ ಹಕ್ಕುಪತ್ರವಾಗದು ಎಂಬುದೂ ನೆನಪಿರಲಿ.

ತೆರಿಗೆಯನ್ನು ಎಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ. ಜೂನ್ ದಾಟಿದರೆ ತಿಂಗಳಿಗೆ ಶೇ. 2 ದಂಡ.

ಹೆರಿಗೆ ಉಮ್ಮನ ಮನೆಯಲ್ಲಿ, ನೋಂದಣಿ ಎಲ್ಲಿ?

ಚೊಚ್ಚಲ ಹೆರಿಗೆಗೆ ಮಗಳು ಘಟ್ಟ ಇಳಿಯುತ್ತಾಳೆ. ಮಗು ಮಂಗಳೂರಿನಲ್ಲೋ ಪುತ್ತೂರಿನಲ್ಲೋ ಹುಟ್ಟುತ್ತದೆ. ನಲ್ವತ್ತು ಕಳೆದು ಕಡೂರಿಗೆ ವಾಪಸು ಬಂದ ಮೇಲೆ ಇಲ್ಲಿನ ಪುರಸಭೆಯಲ್ಲಿ ಜನನ ಪ್ರಮಾಣಪತ್ರ ಕೇಳಿದರೆ ಸಿಗುವುದಿಲ್ಲ. ಜನನವಾಗಲಿ ಮರಣವಾಗಲಿ ನೋಂದಣಿ ಆಗುವುದು ಅದು ಸಂಭವಿಸಿದ ಸ್ಥಳದಲ್ಲಿ, ಮನೆ ಇರುವ ಊರಿನಲ್ಲಿ ಅಲ್ಲ. ಅದೇ ರೀತಿ ಇಲ್ಲಿ ತೀರಿಹೋದವರ ಮಯ್ಯಿತ್ತನ್ನು ಊರಿಗೆ ಒಯ್ದು ದಫನ ಮಾಡಿದರೂ ಮರಣ ನೋಂದಣಿ ಇಲ್ಲಿಯೇ ಆಗಬೇಕು. ಈ ಗಡಿಬಿಡಿಯಲ್ಲಿ ಮರೆತುಹೋಗುವ ಕೆಲಸ ಇದೇ.

21 ದಿನದೊಳಗೆ ನೋಂದಣಿಗೆ ಶುಲ್ಕವಿಲ್ಲ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಆ ದಿನದಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಚಾಲನಾ ಪರವಾನಗಿ, ಮತದಾರರ ಪಟ್ಟಿ ಎಲ್ಲದಕ್ಕೂ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಆದ್ದರಿಂದ ಹೆಸರಿನ ಅಕ್ಷರದ ಬಗ್ಗೆ ಎಚ್ಚರ ಬೇಕು. ತಂದೆ ಒಂದು ಕಾಗದದಲ್ಲಿ ಮುಹಮ್ಮದ್, ಇನ್ನೊಂದರಲ್ಲಿ ಮೊಹಮ್ಮದ್, ಮತ್ತೊಂದರಲ್ಲಿ ಮಹಮ್ಮದ್. ತಾಯಿ ಆಧಾರ್‌ನಲ್ಲಿ ಫಾತಿಮಾ, ಶಾಲೆಯ ದಾಖಲೆಯಲ್ಲಿ ಪಾತುಮ್ಮ. ಆಸ್ಪತ್ರೆಯ ಫಾರ್ಮ್ ತುಂಬುವಾಗಲೇ ಆಧಾರ್ ನೋಡಿಕೊಂಡು ಬರೆಸಿದರೆ ಮುಂದೆ ಕೋರ್ಟು ಕಚೇರಿ ಅಲೆಯುವುದು ತಪ್ಪುತ್ತದೆ.

ಗಾಡಿ ವ್ಯಾಪಾರದವರಿಗೆ

ಮೀನು, ಹಣ್ಣು, ಬಟ್ಟೆ ಎಂದು ರಸ್ತೆ ಬದಿ ವ್ಯಾಪಾರ ಮಾಡುವವರು ನಮ್ಮಲ್ಲಿ ಕಡಿಮೆ ಇಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ. 40 ಮಂದಿ ವ್ಯಾಪಾರಿಗಳೇ ಆಗಿರಬೇಕು. ಸಮೀಕ್ಷೆಯಲ್ಲಿ ಹೆಸರು ಸೇರಿ, ಗುರುತಿನ ಚೀಟಿ ಸಿಕ್ಕಿದವರನ್ನು ನೋಟಿಸಿಲ್ಲದೆ ಎಬ್ಬಿಸುವಂತಿಲ್ಲ. 2020ರಲ್ಲಿ 10 ಸಾವಿರ ರೂಪಾಯಿಯಿಂದ ಶುರುವಾದ ಪಿಎಂ ಸ್ವನಿಧಿ ಸಾಲದ ಮೊದಲ ಕಂತನ್ನು 2025ರಲ್ಲಿ 15 ಸಾವಿರಕ್ಕೆ ಏರಿಸಲಾಗಿದೆ. ಅರ್ಜಿಗೆ ಪುರಸಭೆಯ ಚೀಟಿಯೋ ಶಿಫಾರಸು ಪತ್ರವೋ ಬೇಕು. ಅಂದರೆ ಇಲ್ಲಿಯೂ ದಾರಿ ಹೋಗುವುದು ಪುರಸಭೆಯ ಬಾಗಿಲಿಗೇ.

ನೀರಿನ ಲೆಕ್ಕ

ತರೀಕೆರೆ ತಾಲೂಕಿನ ಲಕ್ಕವಳ್ಳಿಯ ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ, ಸಾಮರ್ಥ್ಯ ಸುಮಾರು 71 ಟಿಎಂಸಿ. ಕಡೂರು, ಬೀರೂರಿನ ಕಡೆಗೂ ಕುಡಿಯುವ ನೀರು ಬರುವುದು ಭದ್ರೆಯಿಂದಲೇ. ಚಿತ್ರದುರ್ಗ, ತುಮಕೂರಿನ ಕಡೆಗೆ ಸಾಗುವ ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಇರುವುದು ಅಜ್ಜಂಪುರದ ಬಳಿ. 2025ರ ಜೂನ್‌ನಲ್ಲಿ ಕುಡಿಯುವ ನೀರಿನ ಯೋಜನೆಗಾಗಿ ಭದ್ರಾ ಬಲದಂಡೆ ನಾಲೆಯನ್ನು ಸೀಳುವುದರ ವಿರುದ್ಧ ದಾವಣಗೆರೆಯ ರೈತರು ಬೀದಿಗಿಳಿದಿದ್ದರು. ಅವರದ್ದು ಗದ್ದೆಯ ಚಿಂತೆ, ನಮ್ಮದು ಕೊಡದ ಚಿಂತೆ. ಅಣೆಕಟ್ಟು ಹತ್ತಿರ ಇದೆ ಎಂದ ಮಾತ್ರಕ್ಕೆ ನಳದಲ್ಲಿ ನೀರು ಬಾರದು. ಪೈಪು, ಟ್ಯಾಂಕು, ಯಾವ ಓಣಿಗೆ ಯಾವ ದಿನ ಎಂಬ ಸರದಿ ತೀರ್ಮಾನವಾಗುವುದು ಪುರಸಭೆಯಲ್ಲಿ.

ಕೊನೆಗೆ ಓಟಿನ ಮಾತು

ವಾರ್ಡಿನ ಮತದಾರರ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯ ಆಧಾರದಲ್ಲಿ. ಹೆಸರು ಬಂಟ್ವಾಳದಲ್ಲಿ ಇದ್ದವರು ತರೀಕೆರೆಯ ವಾರ್ಡಿನ ಲೆಕ್ಕಕ್ಕೆ ಬರುವುದಿಲ್ಲ. ಒಂದು ಓಣಿಯಲ್ಲಿ ಇಪ್ಪತ್ತು ಮನೆ ಇದ್ದು ಓಟು ನಾಲ್ಕೇ ಇದ್ದರೆ, ಸರದಿಯಲ್ಲಿ ಆ ಓಣಿಗೆ ಬರುವ ಸ್ಥಾನ ಯಾವುದು ಎಂದು ಯಾರೂ ಹೇಳಿಕೊಡಬೇಕಿಲ್ಲ.

ಮೊದಲ ಬಾರಿ ಹೆಸರು ಸೇರಿಸಲು ನಮೂನೆ 6, ಊರು ಬದಲಿಸಲು ನಮೂನೆ 8. ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಎಪ್ರಿಲ್ 1, ಜುಲೈ 1, ಅಕ್ಟೋಬರ್ 1. ಅಷ್ಟರಲ್ಲಿ 18 ತುಂಬಿದ ಮಕ್ಕಳು ಅರ್ಜಿ ಹಾಕಬಹುದು. ಎರಡೂ ಕಡೆ ಹೆಸರು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ‘ಇರ್ಲಿ ಬಿಡಿ, ಎರಡೂ ಇರ್ಲಿ’ ಎನ್ನುವ ಉದಾಸೀನ ನಾಳೆ ಪಟ್ಟಿ ಪರಿಷ್ಕರಣೆಯ ಹೊತ್ತಿಗೆ ನಮ್ಮನ್ನೇ ಸುತ್ತಿಕೊಂಡೀತು. ಬದುಕು ಎಲ್ಲಿದೆಯೋ ಹೆಸರು ಅಲ್ಲಿರಲಿ. ಸಂಶಯವಿದ್ದರೆ 1950ಕ್ಕೆ ಕರೆ ಮಾಡಿ ಕೇಳಬಹುದು.

ನಮ್ಮ ಜಮಾಅತ್‌ಗಳು ಮನಸ್ಸು ಮಾಡಿದರೆ ಇದು ಕಷ್ಟದ ಕೆಲಸವಲ್ಲ. ಜುಮಾದ ಬಳಿಕ ಮಸೀದಿಯ ಹೊರಗೆ ಒಂದು ಮೇಜು, ಓದು ಬಲ್ಲ ಇಬ್ಬರು ಹುಡುಗರು, ಒಂದು ಕಟ್ಟು ಫಾರ್ಮ್ ಸಾಕು. ಉರ್ದು ಮಾತನಾಡುವ ನೆರೆಮನೆಯವರಿಗೂ, ಪಕ್ಕದ ಓಣಿಯ ಬೇರೆ ಸಮುದಾಯದವರಿಗೂ ಅದೇ ಮೇಜಿನಲ್ಲಿ ಫಾರ್ಮ್ ತುಂಬಿಕೊಡಲಿ. ಚರಂಡಿ ಕಟ್ಟಿದಾಗ ನೀರು ಯಾರ ಮನೆ ಎಂದು ನೋಡಿ ನುಗ್ಗುವುದಿಲ್ಲ. ಮುಂದಿನ ಚುನಾವಣೆಯಲ್ಲಿ ಓಟು ಕೇಳಲು ಬರುವವರಿಗೆ ಇಡೀ ಓಣಿ ಸೇರಿ ಒಂದು ಪಟ್ಟಿ ಬರೆದು ಕೈಗೆ ಕೊಡಲಿ. ಗೆದ್ದ ಮೇಲೆ ಅದೇ ಪಟ್ಟಿ ಹಿಡಿದು ವರ್ಷಕ್ಕೊಮ್ಮೆ ಲೆಕ್ಕ ಕೇಳಲಿ.