ಪುಣೆಯ ಅಪಘಾತ, ಸೇಡಂ ಕೋರ್ಟು

‘ಆಕ್ಸಿಡೆಂಟ್ ಕೇಸ್ ನೋಡೋ ವಕೀಲ್ರು ಯಾರ್ ಅದಾರ್ರಿ?’

ಕಾಳಗಿ, ಸೇಡಂ, ಚಿತ್ತಾಪುರ ಸೀಮೆಯಲ್ಲಿ ಈ ಪ್ರಶ್ನೆ ಮೊದಲು ಹುಟ್ಟುವುದು ಕೋರ್ಟಿನ ಆವರಣದಲ್ಲಲ್ಲ, ಕಲಬುರಗಿಯ ಯಾವುದೋ ಆಸ್ಪತ್ರೆಯ ವರಾಂಡದಲ್ಲಿ. ಗಾಯಾಳುವನ್ನು ಒಳಗೆ ಸೇರಿಸಿ ಹೊರಗೆ ನಿಂತ ಅಣ್ಣನೋ ಮಾವನೋ ಕೇಳುತ್ತಾನೆ. ಉತ್ತರ ಕೊಡಲು ಯಾರಾದರೂ ಇದ್ದೇ ಇರುತ್ತಾರೆ: ಊರಿನ ಪಂಚಾಯಿತಿ ಮೆಂಬರು, ಠಾಣೆಯ ಪರಿಚಯದವರು, ಇಲ್ಲವೇ ಕೇಳದೆಯೇ ಹತ್ತಿರ ಬಂದು ಕುಶಲ ವಿಚಾರಿಸುವ ಅಪರಿಚಿತ. ವಕೀಲರ ಜಾಹೀರಾತು ಮಾತ್ರ ಎಲ್ಲಿಯೂ ಕಾಣದು. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಅದನ್ನು ನಿಷೇಧಿಸಿದೆ. ಅಮೆರಿಕದಲ್ಲಿ 1977ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಜಾಹೀರಾತಿಗೆ ಒಪ್ಪಿಗೆ ಕೊಟ್ಟಿತು. ಹೆದ್ದಾರಿಯುದ್ದಕ್ಕೂ ವಕೀಲರ ಮುಖಗಳನ್ನು ಹೊತ್ತ ಫಲಕಗಳು ನಿಂತದ್ದು ಆಮೇಲೆ. ನಮ್ಮಲ್ಲಿ ಫಲಕವಿಲ್ಲ, ಹಾಗಾಗಿ ಆ ಜಾಗದಲ್ಲಿ ಮನುಷ್ಯ ನಿಂತಿದ್ದಾನೆ.

ಈ ಭಾಗಕ್ಕೆ ಗಾಯ ಹೊಸದಲ್ಲ. ಶಹಾಬಾದಿನ ಫರ್ಸಿ ಕಲ್ಲಿನ ಗಣಿ, 1968ರಲ್ಲಿ ಶುರುವಾದ ವಾಡಿಯ ಎಸಿಸಿ ಸಿಮೆಂಟ್ ಕಾರ್ಖಾನೆ, ಆಮೇಲೆ ಸೇಡಂ, ಮಳಖೇಡದ ಕಾರ್ಖಾನೆಗಳು. ಕಲ್ಲು ಬಿದ್ದು ಕಾಲು ಮುರಿದವನಿಗೆ, ಯಂತ್ರಕ್ಕೆ ಸಿಕ್ಕು ಬೆರಳು ಕಳೆದುಕೊಂಡವನಿಗೆ ಆಸರೆಯಾಗಿದ್ದದ್ದು 1923ರ ಕಾರ್ಮಿಕರ ನಷ್ಟ ಪರಿಹಾರ ಕಾಯ್ದೆ. ಅಂಥವನು ವಕೀಲರನ್ನು ಹುಡುಕುತ್ತ ಅಲೆಯಬೇಕಿರಲಿಲ್ಲ, ಯೂನಿಯನ್ನೇ ತೋರಿಸುತ್ತಿತ್ತು. ಮುಂದೆ ಇದೇ ಚಿತ್ತಾಪುರದ ಶಾಸಕರಾದ ಮಲ್ಲಿಕಾರ್ಜುನ ಖರ್ಗೆ ಅವರು 1969ರಲ್ಲಿ ಕಲಬುರಗಿಯ ಎಂಎಸ್‌ಕೆ ಮಿಲ್ ನೌಕರರ ಸಂಘದ ಕಾನೂನು ಸಲಹೆಗಾರರಾಗಿದ್ದರು. ಕಾರ್ಮಿಕರ ಕೇಸು ನಡೆಸುತ್ತಲೇ ಹೆಸರು ಮಾಡಿದ ವಕೀಲರ ತಲೆಮಾರು ಅದು.

ರಸ್ತೆಯಲ್ಲಿ ಬಿದ್ದವನಿಗೆ ಯೂನಿಯನ್ ಇರಲಿಲ್ಲ. ದುಡಿಯುವವನು ಸತ್ತರೆ 1855ರ ಮಾರಕ ಅಪಘಾತಗಳ ಕಾಯ್ದೆಯಡಿ ಮನೆಯವರು ಸಿವಿಲ್ ದಾವೆ ಹೂಡಬಹುದಿತ್ತು. ಆದರೆ ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಕಟ್ಟಬೇಕು. ಕೂಳಿಗೇ ಗತಿಯಿಲ್ಲದ ವಿಧವೆ ಫೀ ಎಲ್ಲಿಂದ ತರಬೇಕು? ವಾಹನಕ್ಕೆ ಮೂರನೆಯವರ ವಿಮೆ ಕಡ್ಡಾಯವಾದದ್ದು 1946ರಲ್ಲಿ. ಅಪಘಾತದ ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿ ಇರಬೇಕೆಂಬ ತಿದ್ದುಪಡಿ ಬಂದದ್ದು 1956ರಲ್ಲಿ. ಹೈದರಾಬಾದ್ ರಾಜ್ಯದ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ. ತಪ್ಪು ಯಾರದೇ ಇರಲಿ, ಸಾವಿಗೆ 15,000, ಶಾಶ್ವತ ಊನಕ್ಕೆ 7,500 ರೂಪಾಯಿ ಕೊಡಲೇಬೇಕೆಂಬ ನಿಯಮ 1982ರಲ್ಲಿ ಬಂತು. 1988ರಲ್ಲಿ ಹೊಸ ಮೋಟಾರು ವಾಹನ ಕಾಯ್ದೆಯೇ ಬಂತು.

ಇಷ್ಟಾದರೂ ತಾಲೂಕು ಊರುಗಳಲ್ಲಿ ‘ಎಂವಿಸಿ ವಕೀಲರು’, ಅಂದರೆ ಮೋಟಾರು ಅಪಘಾತದ ಕ್ಲೇಮು ನಡೆಸುವವರು, ಎಂಬ ಕುಲ ಬೆಳೆಯಲು ಬೇರೆಯೇ ಒಂದು ಕಾರಣ ಬೇಕಿತ್ತು. ನನ್ನ ದೃಷ್ಟಿಯಲ್ಲಿ ಅದು 1994ರ ತಿದ್ದುಪಡಿ. ಅಲ್ಲಿಯವರೆಗೆ ಅಪಘಾತ ಎಲ್ಲಿ ಆಯಿತೋ ಅಲ್ಲಿನ ನ್ಯಾಯಮಂಡಳಿಗೇ ಹೋಗಬೇಕಿತ್ತು. ಚಿಂಚೋಳಿಯ ತಾಂಡಾಗಳಿಂದ, ಕಾಳಗಿ ಸುತ್ತಲಿನ ಹಳ್ಳಿಗಳಿಂದ ತೊಗರಿ ರಾಶಿ ಮುಗಿಸಿ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವವರನ್ನು ನೆನೆಯಿರಿ. ಪುಣೆಯ ರಸ್ತೆ ಬದಿಯಲ್ಲಿ ನಡೆಯುತ್ತಿದ್ದ ಕೂಲಿಯವನಿಗೆ ಲಾರಿ ಬಡಿದರೆ ಕೇಸು ಪುಣೆಯಲ್ಲಿ, ಭಾಷೆ ಮರಾಠಿ, ಪ್ರತಿ ತಾರೀಖಿಗೂ ರೈಲಿನ ಖರ್ಚು. ಹೆಣ ಊರಿಗೆ ತಂದು ಮಣ್ಣು ಮಾಡಿದ ಮೇಲೆ ಆ ಕಡೆ ಮತ್ತೆ ಮುಖ ಮಾಡುವವರು ಯಾರು? ಅರ್ಜಿದಾರ ವಾಸವಿರುವ ಊರಿನ ನ್ಯಾಯಮಂಡಳಿಗೂ ಹೋಗಬಹುದೆಂದು 1994ರಲ್ಲಿ ಕಾನೂನು ಬದಲಾಯಿತು. ಪುಣೆಯ ಅಪಘಾತದ ಕೇಸು ಸೇಡಂ ಕೋರ್ಟಿಗೆ ಬಂತು. ಕರ್ನಾಟಕದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಈ ಮಂಡಳಿಯನ್ನೂ ನಡೆಸುವುದರಿಂದ, ಹೊಲದ ತಕರಾರು ನೋಡುತ್ತಿದ್ದ ವಕೀಲರೇ ಅದೇ ಅಂಗಳದಲ್ಲಿ ಕ್ಲೇಮು ಹಿಡಿದರು.

ಮೇಲ್ಮನವಿಗೆ ಬೇಕಿದ್ದ ದಾರಿ 2008ರ ಜುಲೈನಲ್ಲಿ ತೆರೆಯಿತು. ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಕೂತಿತು, 2013ರಲ್ಲಿ ಅದು ಕಾಯಂ ಆಯಿತು. ಅದಕ್ಕೆ ಮುಂಚೆ ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕಿದ್ದ ಕಾಲದಲ್ಲಿ, ಕೊಟ್ಟಷ್ಟೇ ಸಾಕೆಂದು ಸುಮ್ಮನಾದವರು ಎಷ್ಟೋ.

ಈಗ ಲೆಕ್ಕಕ್ಕೆ ಬರೋಣ. ವಕೀಲರ ಕೈಚಳಕ ಕಾಣುವುದು ಇಲ್ಲಿ. 2009ರ ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವರ್ಷದ ಗಳಿಕೆಯ ನಷ್ಟವನ್ನು ಗುಣಿಸಲು ವಯಸ್ಸಿಗೆ ತಕ್ಕ ಗುಣಕಗಳ ಪಟ್ಟಿ ಕೊಟ್ಟಿದೆ. ಮೂವತ್ತರ ಪ್ರಾಯದವನಿಗೆ ಗುಣಕ 17. ತಿಂಗಳಿಗೆ 12,000 ದುಡಿಯುವ ಹಮಾಲನ ಗಳಿಕೆಯ ಶಕ್ತಿ ನೂರಕ್ಕೆ 30ರಷ್ಟು ಕುಂದಿದೆ ಎಂದು ಸಾಬೀತಾದರೆ ಆ ಒಂದು ಬಾಬ್ತಿಗೇ 7,34,400 ರೂಪಾಯಿ; ನೂರಕ್ಕೆ 10 ಎಂದಾದರೆ 2,44,800. ಉಳಿದುದೆಲ್ಲ ಅದೇ. ವ್ಯತ್ಯಾಸ ತರುವುದು ವೈದ್ಯರ ಸಾಕ್ಷ್ಯ, ಆ ವೈದ್ಯರನ್ನು ಕಟಕಟೆಗೆ ಕರೆಸುವ ವಕೀಲರ ಶ್ರದ್ಧೆ. 2010ರ ರಾಜ್‌ಕುಮಾರ್ ತೀರ್ಪು ಹೇಳಿದ್ದೂ ಇದನ್ನೇ: ಊನ ದೇಹಕ್ಕೆ ಎಷ್ಟು ಎನ್ನುವುದಕ್ಕಿಂತ ಕಸುಬಿಗೆ ಎಷ್ಟು ಎಂದು ನೋಡಬೇಕು. ಎಡಗೈ ಹೋದ ಗುಮಾಸ್ತ ಬರೆಯಬಲ್ಲ, ಡ್ರೈವರ್‌ನ ಕಸುಬು ಪೂರ್ತಿ ಹೋಯಿತು.

ಕೂಲಿಯವನ ಬಳಿ ಸಂಬಳದ ಚೀಟಿ ಇರುವುದಿಲ್ಲವಲ್ಲ? 2011ರಲ್ಲಿ ಬೆಂಗಳೂರಿನ ಕೂಲಿಕಾರರೊಬ್ಬರ ಕೇಸಿನಲ್ಲಿ, ದಾಖಲೆ ಇಲ್ಲವೆಂದು 3,000ಕ್ಕೆ ಇಳಿಸಿದ್ದ ಮಾಸಿಕ ಆದಾಯವನ್ನು ಸುಪ್ರೀಂ ಕೋರ್ಟು ಅವರೇ ಹೇಳಿದ್ದ 4,500ಕ್ಕೆ ಏರಿಸಿತು. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವೂ ಲೋಕ ಅದಾಲತ್‌ಗಳಿಗಾಗಿ ವರ್ಷವಾರು ಅಂದಾಜು ಆದಾಯದ ಪಟ್ಟಿ ಮಾಡಿಟ್ಟಿದೆ, ಹೈಕೋರ್ಟೂ ಅದನ್ನು ಬಳಸುತ್ತದೆ. ಈ ಪಟ್ಟಿ ಗೊತ್ತಿಲ್ಲದ ವಕೀಲರು ಕ್ಲೇಮು ಹಿಡಿಯದಿರುವುದೇ ಒಳ್ಳೆಯದು.

ಇನ್ನು ಪರ್ಸೆಂಟೇಜಿನ ಮಾತು. ಬಂದ ಹಣದಲ್ಲಿ ಪಾಲು ಎಂದು ಒಪ್ಪಂದ ಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ 20ನೇ ನಿಯಮ ನಿಷೇಧಿಸುತ್ತದೆ. ಆದರೂ ‘ನೂರಕ್ಕ ಇಷ್ಟ’ ಎಂಬ ಬಾಯಿಮಾತು ಕೋರ್ಟ್ ಆವರಣದ ಚಹಾ ಅಂಗಡಿಗಳಿಗೆ ಅಪರಿಚಿತವಲ್ಲ. ಬಡವನ ಪರವಾಗಿಯೂ ಒಂದು ಮಾತು ಹೇಳಬೇಕು: ಮುಂಗಡ ಕೊಡಲಾರದವನಿಗೆ ಆ ಬಾಯಿಮಾತೇ ಕೋರ್ಟಿನ ಬಾಗಿಲು ತೆರೆದಿದೆ. ತೊಂದರೆಯೆಂದರೆ ನಡುವೆ ಇನ್ನೊಬ್ಬ, ಆಸ್ಪತ್ರೆಯಿಂದ ಕರೆತಂದವನೂ ಪಾಲು ಕೇಳುತ್ತಾನೆ. ಈ ದಂಧೆ ಮಿತಿಮೀರಿದ ಉತ್ತರಪ್ರದೇಶದಲ್ಲಿ ಸುಳ್ಳು ಕ್ಲೇಮುಗಳ ತನಿಖೆಗೆ ವಿಶೇಷ ತಂಡವೇ ರಚನೆಯಾಯಿತು. ಅದರ ಬಿಸಿ ನಿಜವಾಗಿ ಗಾಯಗೊಂಡವನಿಗೂ ತಟ್ಟುತ್ತದೆ, ವಿಮಾ ಕಂಪನಿ ಎಲ್ಲರನ್ನೂ ಅನುಮಾನಿಸತೊಡಗುತ್ತದೆ.

ಹಾಗಾಗಿ ವಕಾಲತ್ತಿಗೆ ಹೆಬ್ಬೆಟ್ಟು ಒತ್ತುವ ಮುನ್ನ ಕೇಳಬೇಕಾದ್ದನ್ನು ಕೇಳಿಬಿಡಬೇಕು. ಫೀ ಎಷ್ಟು, ಬರೆದು ಕೊಡುತ್ತೀರಾ? ವೈದ್ಯರನ್ನು ಸಾಕ್ಷಿಗೆ ಕರೆಸುತ್ತೀರಾ? ಹಣ ನನ್ನ ಖಾತೆಗೇ ಬರುತ್ತದಾ? ಎಫ್‌ಐಆರ್, ಪಂಚನಾಮೆ, ಆಸ್ಪತ್ರೆಯ ಬಿಲ್ಲುಗಳ ನಕಲು ಮನೆಯಲ್ಲೂ ಒಂದು ಇರಲಿ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಹಾಕುವ ಮಾತೇ ಬೇಡ.

2022ರ ಏಪ್ರಿಲ್ 1ರಿಂದ ಆಟದ ನಿಯಮಗಳೂ ಬದಲಾಗಿವೆ. ತನಿಖಾಧಿಕಾರಿಯೇ 48 ಗಂಟೆಯಲ್ಲಿ ಮೊದಲ ವರದಿಯನ್ನು, 90 ದಿನಗಳಲ್ಲಿ ವಿಸ್ತೃತ ವರದಿಯನ್ನು ನ್ಯಾಯಮಂಡಳಿಗೆ ಕೊಡಬೇಕು. ಅಂದರೆ ಗಾಯಾಳು ವಕೀಲರನ್ನು ಹುಡುಕುವ ಮೊದಲೇ ಕಡತ ಕೋರ್ಟು ಸೇರಿರಬೇಕು. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸರ್ಕಾರದ ಯೋಜನೆಯಲ್ಲಿದೆ. ಇವು ಒಳ್ಳೆಯವು. ಆದರೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಗಡುವೂ ಜತೆಗೇ ಮರಳಿ ಬಂತು. 1994ರಲ್ಲಿ ತೆಗೆದುಹಾಕಿದ್ದ ಗಡುವು ಅದು. ಕಾಲಿಗೆ ರಾಡು ಹಾಕಿಸಿಕೊಂಡು ಮಲಗಿದವನಿಗೆ ಆರು ತಿಂಗಳು ಹೇಗೆ ಕಳೆಯಿತೆಂದೇ ತಿಳಿಯದು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ.

ಪರಿಚಯದ ವಕೀಲರೇ ಇಲ್ಲದವರಿಗೆ ತಾಲೂಕು ಕಾನೂನು ಸೇವೆಗಳ ಸಮಿತಿ ಇದೆ. 1987ರ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು ಉಚಿತವಾಗಿ ವಕೀಲರನ್ನು ಪಡೆಯಬಹುದು. ಆ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕರೂ ಇದ್ದಾರೆ. ಸಿಮೆಂಟ್ ಕಾರ್ಖಾನೆಗಳ ಈ ಸೀಮೆಯಲ್ಲಿ ಅದನ್ನು ಗೇಟಿನ ಬಳಿ ಬರೆದು ಹಾಕಿದರೆ ಯಾರ ನಿಯಮವೂ ಅಡ್ಡಬರುವುದಿಲ್ಲ.