ಅಟ್ಯಾಚ್ ಗುಂಡಿಯಿಲ್ಲದ ಇಮೇಲ್

ನೌಕರಿ ಅರ್ಜಿಗೆ ರೆಸ್ಯೂಮೆ, ಅಂಕಪಟ್ಟಿ, ಫೋಟೊ ಮೂರನ್ನೂ ಒಂದೇ ಇಮೇಲ್‌ನಲ್ಲಿ ಸೇರಿಸಿ ಕಳಿಸುತ್ತೇವೆ. ಮೇನ್‌ಫ್ರೇಮ್‌ನ ಬ್ಯಾಚ್ ಕೆಲಸದಲ್ಲಿ ಅಟ್ಯಾಚ್ ಗುಂಡಿಯೇ ಇಲ್ಲ; ವರದಿಗಳನ್ನು ಕಳಿಸಲು ಇಡೀ ಪತ್ರವನ್ನು ಸಾಲು ಸಾಲಾಗಿ ನಾವೇ ಜೋಡಿಸಬೇಕು. ‘ಹಳೇ ಮಷಿನ್, ಯಾಕ ಕಲೀತಿಯೋ?’ ಎಂದು ಮಸಗುಪ್ಪಿಯ ಗೆಳೆಯರು ನಗುತ್ತಾರೆ. ಜಗತ್ತಿನ ಅನೇಕ ದೊಡ್ಡ ಬ್ಯಾಂಕುಗಳ ಲೆಕ್ಕ ಇನ್ನೂ ಅದರಲ್ಲೇ ನಡೆಯುತ್ತದೆ. ನನ್ನ ಕಣ್ಣು ಆ ಕೆಲಸದ ಮೇಲಿದೆ.

1992ರಲ್ಲಿ ಬಂದ ‘ಮೈಮ್’ ನಿಯಮದ ಪ್ರಕಾರ ಅಟ್ಯಾಚ್‌ಮೆಂಟ್ ಬೇರೆ ವಸ್ತುವಲ್ಲ, ಅದೇ ಪತ್ರದ ಮುಂದಿನ ಭಾಗ. ಒಂದು ಗಡಿಪದ ಗೊತ್ತುಮಾಡಿಕೊಂಡು, ಎರಡು ಅಡ್ಡಗೆರೆ ಹಾಕಿ, ಪ್ರತಿ ಫೈಲಿನ ಮುಂಚೆ ಬರೆಯಬೇಕು. ಹೊಲಗಳ ನಡುವಿನ ಬದು ಇದ್ದಂತೆ. ಕಟ್ಟಕಡೆಯ ಬದುವಿನಲ್ಲಿ ಮಾತ್ರ ಪದದ ನಂತರವೂ ಎರಡು ಗೆರೆ. ಫೋಟೊ, ಪಿಡಿಎಫ್‌ಗಳು ‘ಬೇಸ್64’ ಕ್ರಮದಲ್ಲಿ ಅಕ್ಷರಗಳಾಗಬೇಕು: 3 ಬೈಟ್‌ಗೆ 4 ಅಕ್ಷರ. ನಮ್ಮ ಮೊಬೈಲ್‌ನ ಇಮೇಲ್ ಕೂಡ ಒಳಗೊಳಗೇ ಮಾಡುವುದು ಇದನ್ನೇ. ಇಮೇಲ್ ಮಿತಿ 5 ಎಂಬಿ ಇದ್ದಾಗ 4 ಎಂಬಿಯ ಅಂಕಪಟ್ಟಿ ವಾಪಸ್ ಬರುವುದು ಅದಕ್ಕೇ.